ಆಟಕ್ಕುಂಟು, ಲೆಕ್ಕಕ್ಕಿಲ್ಲ

ಎರಡನೇ ಮಹಾಯುದ್ಧ ಮುಗಿದು ಒಂದೆರಡು ವರ್ಷಗಳಾಗಿದ್ದವು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಿಡ್‌ಸಮರ್ ಕಾಮನ್ ಎಂಬ ವಿಶಾಲವಾದ ಹುಲ್ಲುಬಯಲಿದೆ. ರಾತ್ರಿಯ ಊಟ ಮುಗಿಸಿದ ಮೂವರು ಅಲ್ಲಿ ಅಡ್ಡಾಡಲು ಹೊರಟಿದ್ದರು: ತತ್ವಜ್ಞಾನಿ ಲುಡ್ವಿಗ್ ವಿಟ್‌ಗೆನ್‌ಸ್ಟೈನ್, ಅವರ ಶಿಷ್ಯ ನಾರ್ಮನ್ ಮಾಲ್ಕಮ್ ಮತ್ತು ಮಾಲ್ಕಮ್ ಅವರ ಪತ್ನಿ. ಮಾತು ಸೂರ್ಯ, ಭೂಮಿ, ಚಂದ್ರರ ಚಲನೆಯತ್ತ ಹೊರಳಿತು. ಬಾಯಲ್ಲಿ ಹೇಳುವುದೇಕೆ, ಮೂವರೂ ಸೇರಿ ಮಾಡಿಯೇ ನೋಡೋಣ ಎಂಬ ಯೋಚನೆ ವಿಟ್‌ಗೆನ್‌ಸ್ಟೈನ್‌ಗೆ ಬಂತು. ಮಾಲ್ಕಮ್ ಪತ್ನಿ ಸೂರ್ಯನಾಗಿ ಒಂದೇ ಹದದ ಹೆಜ್ಜೆಯಲ್ಲಿ ಬಯಲು ದಾಟುತ್ತ ಹೋದರು. ಭೂಮಿಯಾದ ಮಾಲ್ಕಮ್ ಆಕೆಯ ಸುತ್ತ ಸಣ್ಣಗೆ ಓಡಿದರು. ಎಲ್ಲಕ್ಕಿಂತ ಪ್ರಯಾಸದ ಪಾತ್ರ ಚಂದ್ರನದು. ಅರವತ್ತರ ಹತ್ತಿರವಿದ್ದ ವಿಟ್‌ಗೆನ್‌ಸ್ಟೈನ್ ಅದನ್ನು ತಾವೇ ವಹಿಸಿಕೊಂಡರು. ಸೂರ್ಯನನ್ನು ಸುತ್ತುವ ಭೂಮಿಯನ್ನು ಸುತ್ತುತ್ತ, ಓಡುತ್ತಲೇ ಉಳಿದಿಬ್ಬರಿಗೆ ಕೂಗಿ ಕೂಗಿ ಸೂಚನೆ ಕೊಡುತ್ತ, ತಲೆ ಸುತ್ತಿ ಏದುಸಿರು ಬರುವವರೆಗೂ ಅವರು ನಿಲ್ಲಿಸಲಿಲ್ಲ. ಗುರುವಿನ ನೆನಪುಗಳನ್ನು ಬರೆದಿಟ್ಟ ಪುಸ್ತಕದಲ್ಲಿ ಮಾಲ್ಕಮ್ ಇದನ್ನು ದಾಖಲಿಸಿದ್ದಾರೆ.

ಅಂದು ಅಲ್ಲಿ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಅಂಕವಿರಲಿಲ್ಲ, ಎದುರಾಳಿಯಿರಲಿಲ್ಲ, ಮುಗಿಯುವ ಹೊತ್ತೆಂಬುದೂ ಇರಲಿಲ್ಲ. ನಿಯಮ ಮಾತ್ರ ಕಟ್ಟುನಿಟ್ಟಾಗಿತ್ತು, ಏಕೆಂದರೆ ಆಕಾಶದಲ್ಲಿ ಅದು ಹಾಗೆಯೇ ನಡೆಯುತ್ತದೆ. ಆದರೂ ಅದನ್ನು ಕಂಡ ಯಾವ ಮಗುವೂ ಅದು ಆಟವಲ್ಲ ಎನ್ನುತ್ತಿರಲಿಲ್ಲ. ಇನ್ನೊಂದು ಸಂಜೆಯ ನಡಿಗೆಯಲ್ಲಿ ವಿಟ್‌ಗೆನ್‌ಸ್ಟೈನ್ ದಾರಿಯಲ್ಲಿ ಸಿಕ್ಕ ಮರಗಳನ್ನೆಲ್ಲ ಒಂದೊಂದಾಗಿ ಮಾಲ್ಕಮ್‌ಗೆ ದಾನ ಮಾಡಿದರಂತೆ. ಷರತ್ತು ಇಷ್ಟೇ: ಮರವನ್ನು ಕಡಿಯಬಾರದು, ಅದಕ್ಕೆ ಏನೂ ಮಾಡಬಾರದು, ಹಿಂದಿನ ಮಾಲೀಕರು ಏನು ಮಾಡಿದರೂ ತಡೆಯಬಾರದು. ಅದೂ ಆಟವೇ.

ಹೀಗೆ ಆಡಬಲ್ಲ ಮನುಷ್ಯ ಆಟ ಎಂಬ ಪದವನ್ನೇ ಹಿಡಿದು ತತ್ವಶಾಸ್ತ್ರದ ಒಂದು ಹಳೆಯ ನಂಬಿಕೆಯನ್ನು ಅಲುಗಾಡಿಸಿದ್ದು ಸಹಜವಾಗಿಯೇ ಇದೆ. ಒಂದು ಪದ ಹಲವು ವಸ್ತುಗಳಿಗೆ ಸಲ್ಲುವುದಾದರೆ ಆ ಎಲ್ಲ ವಸ್ತುಗಳಲ್ಲಿಯೂ ಯಾವುದಾದರೊಂದು ಗುಣ ಸಮಾನವಾಗಿ ಇರಲೇಬೇಕು, ಆ ಗುಣವನ್ನು ಹೇಳಿದರೆ ಪದದ ಅರ್ಥ ಹೇಳಿದಂತೆ, ಎಂಬುದು ಸಾಕ್ರಟೀಸನ ಕಾಲದಿಂದ ಬಂದ ನಿರೀಕ್ಷೆ. 1951ರಲ್ಲಿ ವಿಟ್‌ಗೆನ್‌ಸ್ಟೈನ್ ತೀರಿಕೊಂಡ ಎರಡು ವರ್ಷಗಳ ಮೇಲೆ ಪ್ರಕಟವಾದ ‘ಫಿಲಾಸಫಿಕಲ್ ಇನ್ವೆಸ್ಟಿಗೇಷನ್ಸ್’ ಈ ನಿರೀಕ್ಷೆಯನ್ನು ಪ್ರಶ್ನಿಸಿತು. ಮಣೆಯ ಆಟ, ಎಲೆಯ ಆಟ, ಚೆಂಡಿನ ಆಟ, ಮಕ್ಕಳು ಕೈ ಹಿಡಿದು ಸುತ್ತುವ ಆಟ ಇವೆಲ್ಲವನ್ನೂ ಮುಂದಿಟ್ಟುಕೊಂಡು, ಸಮಾನವಾದದ್ದು ಇರಲೇಬೇಕು ಎಂದು ಮೊದಲೇ ತೀರ್ಮಾನಿಸದೆ, ಇದೆಯೇ ಎಂದು ನೋಡಿ ಎಂಬುದು ಅವರ ಒತ್ತಾಯ. ನೋಡಿದಾಗ ಸಿಗುವುದು ಒಂದು ಮನೆತನದವರ ನಡುವೆ ಕಾಣುವಂಥ ಹೋಲಿಕೆ: ಒಬ್ಬನಿಗೆ ಅಜ್ಜನ ಮೂಗು, ಇನ್ನೊಬ್ಬಳಿಗೆ ಅತ್ತೆಯ ನಡಿಗೆ, ಮತ್ತೊಬ್ಬನಿಗೆ ಚಿಕ್ಕಪ್ಪನ ಸಿಟ್ಟು. ಎಲ್ಲರಲ್ಲೂ ಇರುವ ಒಂದೇ ಗುರುತು ಇಲ್ಲ, ಆದರೂ ಅವರು ಒಂದೇ ಮನೆಯವರು ಎಂದು ಗೊತ್ತಾಗುತ್ತದೆ.

ನೋಡುವುದಕ್ಕೆ ಕೇಂಬ್ರಿಜ್‌ಗೆ ಹೋಗಬೇಕಾಗಿಲ್ಲ. ಚೌಕಾಬಾರದಲ್ಲಿ ಎದುರಾಳಿ ಇದ್ದಾನೆ, ಕವಡೆ ಬೀಳುವ ಅದೃಷ್ಟವಿದೆ, ಯಾವ ಕಾಯಿ ನಡೆಸಬೇಕೆಂಬ ಲೆಕ್ಕಾಚಾರವೂ ಇದೆ. ಆಡು-ಹುಲಿಯಲ್ಲಿ ಕವಡೆ ಇಲ್ಲ, ಅದೃಷ್ಟಕ್ಕೆ ಜಾಗವೇ ಇಲ್ಲ. ಎರಡು ಪಕ್ಷಗಳ ಗುರಿಯೂ ಒಂದಲ್ಲ, ಹುಲಿ ತಿನ್ನಬೇಕು, ಆಡು ಕಟ್ಟಿಹಾಕಬೇಕು. ಹಾವು-ಏಣಿಯಲ್ಲಿ ದಾಳ ಬಿಟ್ಟರೆ ಬೇರೇನೂ ಇಲ್ಲ. ಆಡುವವರು ಮೊದಲಿನಿಂದ ಕೊನೆಯವರೆಗೆ ಒಂದೇ ಒಂದು ತೀರ್ಮಾನವನ್ನೂ ಮಾಡುವುದಿಲ್ಲ. ಗೋಡೆಗೆ ಚೆಂಡೆಸೆದು ಹಿಡಿಯುವ ಹುಡುಗನಿಗೆ ಎದುರಾಳಿ ಇಲ್ಲ. ಅಪ್ಪಾಳೆ ತಿಪ್ಪಾಳೆ ಸುತ್ತುವ ಇಬ್ಬರು ಹುಡುಗಿಯರಿಗೆ ಬೇಕಾದದ್ದು ತಲೆ ಗಿರ್ರೆನ್ನುವ ಸುಖ ಮಾತ್ರ. ಅಶೋಕವನದಲ್ಲಿ ಸೀತೆ ಒಬ್ಬಳೇ ಆಡಿದಳೆಂದು ಹೇಳುವ, ಒಬ್ಬರೇ ಕೂತು ಕಾಳು ಹಂಚುತ್ತ ಹೋಗುವ ಅಳಿಗುಳಿಮಣೆಯ ಬಗೆಯೊಂದು ತಮಿಳರಲ್ಲಿದೆ. ಅಲ್ಲಿ ಸೋಲು-ಗೆಲುವಿನ ಮಾತೇ ಬರುವುದಿಲ್ಲ. 1970ರಲ್ಲಿ ಗಣಿತಜ್ಞ ಜಾನ್ ಕಾನ್‌ವೇ ರೂಪಿಸಿದ ‘ಗೇಮ್ ಆಫ್ ಲೈಫ್’ನಲ್ಲಿ ಚೌಕಳಿಯ ಮನೆಗಳು ನಾಲ್ಕು ಸರಳ ನಿಯಮಗಳ ಪ್ರಕಾರ ತಾವೇ ಹುಟ್ಟುತ್ತವೆ, ಸಾಯುತ್ತವೆ, ಆರಂಭದ ವಿನ್ಯಾಸವನ್ನು ಇಟ್ಟ ಮೇಲೆ ಆಟಗಾರನಿಗೆ ಕೆಲಸವೇ ಇಲ್ಲ. ಒಂದರಿಂದ ಇನ್ನೊಂದಕ್ಕೆ ಹೋದಂತೆ ಕೆಲವು ಗುಣಗಳು ಉಳಿಯುತ್ತವೆ, ಕೆಲವು ಬಿಟ್ಟುಹೋಗುತ್ತವೆ, ಹೊಸವು ಸೇರುತ್ತವೆ.

ವಿಟ್‌ಗೆನ್‌ಸ್ಟೈನ್ ಬದುಕಿದ್ದಾಗ ಪ್ರಕಟಿಸಿದ ಪುಸ್ತಕಗಳು ಎರಡೇ. ಒಂದು ಹೆಸರಾಂತ ‘ಟ್ರ್ಯಾಕ್ಟೇಟಸ್’. ಇನ್ನೊಂದು 1926ರಲ್ಲಿ ಬಂದ ಒಂದು ಶಾಲಾ ನಿಘಂಟು ಎಂಬುದನ್ನು ಹೆಚ್ಚು ಮಂದಿ ಗಮನಿಸುವುದಿಲ್ಲ. ಆಸ್ಟ್ರಿಯಾದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದಾಗ ಮಕ್ಕಳ ಕಾಗುಣಿತಕ್ಕೆಂದು ಅವರು ಅದನ್ನು ಸಿದ್ಧಪಡಿಸಿದರು. ಮಕ್ಕಳು ನಿಜವಾಗಿ ಬಳಸುವ ಪದಗಳನ್ನು ಆರಿಸಿ ಜೋಡಿಸಿದರು. ಪದ ಜನರ ಬಾಯಲ್ಲಿ ಹೇಗೆ ಓಡಾಡುತ್ತದೆ ಎಂದು ಕಿವಿಗೊಟ್ಟು ಕೇಳುವ ಅಭ್ಯಾಸ ಅಲ್ಲಿಯೂ ಇತ್ತು. ನಿಘಂಟುಕಾರರ ದಾರಿ ಎಲ್ಲ ಕಡೆಯೂ ಇದೇ. ಜಿ. ವೆಂಕಟಸುಬ್ಬಯ್ಯನವರು ಪ್ರಧಾನ ಸಂಪಾದಕರಾಗಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನ, ಕಾವ್ಯ, ಗದ್ಯಗಳಿಂದ ಪ್ರಯೋಗಗಳನ್ನು ಹೆಕ್ಕಿ ಅವುಗಳಿಂದ ಅರ್ಥವನ್ನು ಗುರುತಿಸಿತೇ ಹೊರತು, ಅರ್ಥವನ್ನು ಮೊದಲು ನಿಗದಿಮಾಡಿ ಪ್ರಯೋಗಗಳನ್ನು ಅದಕ್ಕೆ ಒಗ್ಗಿಸಲಿಲ್ಲ.

ಕನ್ನಡದ ‘ಆಟ’ವಂತೂ ದೊಡ್ಡ ಕುಟುಂಬ. ಕರಾವಳಿಯಲ್ಲಿ “ಇವತ್ತು ಎಲ್ಲಿ ಆಟ?” ಎಂದು ಕೇಳಿದರೆ ಯಾರೂ ಕ್ರಿಕೆಟ್ ಮೈದಾನದ ದಾರಿ ತೋರಿಸುವುದಿಲ್ಲ. ಅಲ್ಲಿ ಆಟವೆಂದರೆ ಯಕ್ಷಗಾನ. ವೇಷ ಕಟ್ಟಿ ಕುಣಿದರೆ ಆಟ, ವೇಷವಿಲ್ಲದೆ ಕೂತು ಅರ್ಥ ಹೇಳಿದರೆ ಅದು ತಾಳಮದ್ದಲೆ, ಅಂದರೆ ಕೂಟ. ಮಗು ಹುಟ್ಟಲಿ, ರೋಗ ವಾಸಿಯಾಗಲಿ ಎಂದು ದೇವಿಗೆ ಹೇಳಿಕೊಂಡವರು ಹರಕೆಯ ಆಟ ಆಡಿಸುತ್ತಾರೆ. ಆಡುವವರಿಗೆ ಅದು ವೃತ್ತಿ, ಆಡಿಸುವವರಿಗೆ ಸೇವೆ, ರಾತ್ರಿಯಿಡೀ ಬಯಲಲ್ಲಿ ಕೂತು ನೋಡುವವರಿಗೆ ರಸ. ಪತ್ತನಾಜೆಯ ದಿನ ಬಂದು ಗೆಜ್ಜೆ ಬಿಚ್ಚುವವರೆಗೂ ಯಕ್ಷಗಾನ ಮೇಳ ತಿರುಗಾಟದಲ್ಲಿರುತ್ತದೆ. ಉತ್ತರ ಕರ್ನಾಟಕಕ್ಕೆ ಹೋದರೆ ದೊಡ್ಡಾಟ, ಸಣ್ಣಾಟಗಳಿವೆ. ಗೊಂಬೆ ಕುಣಿದರೂ ಆಟ, ಟಾಕೀಸಿನಲ್ಲಿ ರೀಲು ತಿರುಗಿದರೂ ಆಟ: ದಿನಕ್ಕೆ ನಾಲ್ಕು ಆಟಗಳು ಎಂದು ಸಿನಿಮಾ ಪೋಸ್ಟರುಗಳು ಬಹುಕಾಲ ಸಾರಿದವು.

ಈ ಅರ್ಥ ಬೇರೆ, ಆ ಅರ್ಥ ಬೇರೆ, ಎರಡೂ ಅಕಸ್ಮಾತ್ತಾಗಿ ಒಂದೇ ಪದದಲ್ಲಿ ಸೇರಿವೆ ಎನ್ನಬಹುದಲ್ಲ ಎಂದು ಯಾರಾದರೂ ವಾದಿಸಿದರೆ ಅವರಿಗೆ ಜೋಡಾಟವನ್ನು ತೋರಿಸಬೇಕು. ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಒಂದೇ ಪ್ರಸಂಗವನ್ನು ಒಂದೇ ಹೊತ್ತಿಗೆ ಆಡುತ್ತವೆ. ಇಲ್ಲಿನ ಚೆಂಡೆಗೆ ಅಲ್ಲಿನ ಚೆಂಡೆ ಸವಾಲು, ಈ ಅರ್ಜುನನ ಕುಣಿತಕ್ಕೆ ಆ ಅರ್ಜುನನ ಕುಣಿತ ಉತ್ತರ. ಯಾರ ಮುಂದೆ ಜನ ಹೆಚ್ಚು ಸೇರಿದರು, ಯಾರ ಭಾಗವತಿಕೆ ಗೆದ್ದಿತು ಎಂದು ಮರುದಿನ ಊರೆಲ್ಲ ಚರ್ಚೆ. ಪ್ರದರ್ಶನವೆಂಬ ಆಟ ಒಂದೇ ಹೆಜ್ಜೆಯಲ್ಲಿ ಸ್ಪರ್ಧೆಯೆಂಬ ಆಟವಾಗಿಬಿಡುತ್ತದೆ. ಇವು ಎರಡು ಪದಗಳಾಗಿದ್ದರೆ ಈ ಹೆಜ್ಜೆ ಇಷ್ಟು ಸುಲಭವಾಗುತ್ತಿರಲಿಲ್ಲ.

ಪದದ ಬಾಲದಲ್ಲಿ ಅಂಟಿದ ಆಟಗಳ ವಿಷಯ ಬೇರೆ. ಓಡಾಟ, ಹುಡುಕಾಟ, ಒಡನಾಟ, ಉಸಿರಾಟ, ಹೋರಾಟ, ಪರದಾಟ, ನರಳಾಟ. ನರಳುವವನು ಆಡುತ್ತಿಲ್ಲ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶ ‘ಆಡು’ ಧಾತುವಿನಡಿ ಅಲುಗುವುದು, ತೂಗುವುದು, ಕುಣಿಯುವುದು, ಮೀಯುವುದು, ಮಾತಾಡುವುದು ಎಲ್ಲವನ್ನೂ ಒಟ್ಟಿಗೆ ಇಡುತ್ತದೆ. ಮೂಲದಲ್ಲಿ ಇರುವುದು ಅತ್ತಿಂದಿತ್ತ ಮತ್ತೆ ಮತ್ತೆ ಸಾಗುವ ಚಲನೆ. ಉಸಿರಾಟ, ನರಳಾಟಗಳು ಆ ಹಳೆಯ ಚಲನೆಯನ್ನು ಉಳಿಸಿಕೊಂಡವು. ಮನೆತನದ ಮಾತಿಗೆ ಇದೂ ಒಂದು ಎಚ್ಚರ: ಹೆಸರು ಒಂದೇ ಆದ ಮಾತ್ರಕ್ಕೆ ಎಲ್ಲರೂ ಒಂದೇ ಒಲೆಯಲ್ಲಿ ಉಣ್ಣುವುದಿಲ್ಲ.

ವಿಟ್‌ಗೆನ್‌ಸ್ಟೈನ್‌ಗೆ ಎದುರುನಿಂತವರೂ ಇದ್ದಾರೆ, ಅವರಲ್ಲಿ ಬರ್ನಾರ್ಡ್ ಸೂಟ್ಸ್ ಓದಲೇಬೇಕಾದವರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅವರು 1978ರಲ್ಲಿ ‘ದಿ ಗ್ರಾಸ್‌ಹಾಪರ್’ ಎಂಬ ಪುಸ್ತಕ ಬರೆದರು. ಈಸೋಪನ ಕಥೆಯಲ್ಲಿ ಬೇಸಿಗೆಯೆಲ್ಲ ಹಾಡಿ ಚಳಿಗಾಲದಲ್ಲಿ ಹಸಿದು ಸಾಯುವ ಮಿಡತೆಯೇ ಇಲ್ಲಿ ಗುರು. ಸಾಯುವ ಮೊದಲು ಶಿಷ್ಯರಿಗೆ ಆಟವೆಂದರೇನು ಎಂದು ಬೋಧಿಸುತ್ತದೆ. ಸೂಟ್ಸ್ ಆಕ್ಷೇಪ ನೇರವಾಗಿದೆ: ನೋಡಿ ಎಂದ ವಿಟ್‌ಗೆನ್‌ಸ್ಟೈನ್ ತಾವೇ ಸಾಕಷ್ಟು ನೋಡಲಿಲ್ಲ. ನೋಡಿದ್ದರೆ ಎಲ್ಲ ಆಟಗಳಲ್ಲೂ ಒಂದು ಸಂಗತಿ ಕಾಣುತ್ತಿತ್ತು. ಒಂದು ಗುರಿ ಇರುತ್ತದೆ. ಅದನ್ನು ಮುಟ್ಟುವ ಸುಲಭದ ದಾರಿಯನ್ನು ನಿಯಮಗಳು ಮುಚ್ಚುತ್ತವೆ. ಆಡುವವರು ಆ ಅಡ್ಡಿಯನ್ನು ಒಪ್ಪಿಕೊಳ್ಳುತ್ತಾರೆ, ಏಕೆಂದರೆ ಅಡ್ಡಿಯಿದ್ದರೇ ಆಟ ನಡೆಯುವುದು. ಗಾಲ್ಫ್ ಚೆಂಡನ್ನು ಕೈಯಲ್ಲೆತ್ತಿ ಕುಳಿಗೆ ಹಾಕಿಬಿಡಬಹುದು. ಯಾರೂ ಹಾಕುವುದಿಲ್ಲ.

ಈ ಮಾತಿನ ಬೆಲೆ ತಿಳಿಯಬೇಕಾದರೆ ಕಬಡ್ಡಿ ಅಂಕಣದ ಬದಿಯಲ್ಲಿ ನಿಲ್ಲಬೇಕು. ಎದುರಾಳಿಯನ್ನು ಮುಟ್ಟಿ ಓಡಿಬರುವುದು ಗುರಿಯಾದರೆ ಉಸಿರು ಬಿಗಿಹಿಡಿದು “ಕಬಡ್ಡಿ ಕಬಡ್ಡಿ” ಎನ್ನುತ್ತ ಯಾಕೆ ಹೋಗಬೇಕು? ಓಡುವಾಗ ಮನುಷ್ಯನಿಗೆ ಅತ್ಯಂತ ಬೇಕಾದದ್ದು ಉಸಿರು. ಆಟ ಅದನ್ನೇ ಕಿತ್ತುಕೊಳ್ಳುತ್ತದೆ. ಖೋ-ಖೋ ಇನ್ನೂ ಸೊಗಸು. ಅಟ್ಟಿಸುವ ತಂಡದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಒಬ್ಬರು ಆಚೆ ಮುಖ, ಒಬ್ಬರು ಈಚೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಅಟ್ಟಿಸುವವನು ಹೊರಟ ದಿಕ್ಕನ್ನು ನಡುವೆ ಬದಲಿಸುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ಓಡುವವನಿಗೆ ಮಾತ್ರ ಇವೆರಡೂ ಸಲೀಸು. ಒಬ್ಬನನ್ನು ಹಿಡಿಯುವುದಕ್ಕೆ ಇಷ್ಟು ಕೆಟ್ಟ ಏರ್ಪಾಡನ್ನು ಯಾವ ಪೊಲೀಸ್ ಠಾಣೆಯೂ ಮಾಡಿಕೊಳ್ಳುವುದಿಲ್ಲ; ಆಟಕ್ಕೆ ಅದೇ ಬೇಕು. ಕುಂಟೆಬಿಲ್ಲೆಯ ಮನೆಗಳನ್ನು ಎರಡು ಕಾಲಲ್ಲಿ ನಡೆದು ದಾಟಿದರೆ ಬಿಲ್ಲೆ ಸಿಗುತ್ತದೆ, ಕುಂಟೆಬಿಲ್ಲೆ ಸಿಗುವುದಿಲ್ಲ. ಸೂಟ್ಸ್ ಕೊಟ್ಟ ವ್ಯಾಖ್ಯೆ ಕಣ್ಣು ತೆರೆಸುವಂಥದು. ಅದನ್ನು ಓದಿದವರು ಮುಂದೆ ಯಾವ ಆಟ ನೋಡಿದರೂ ಇಲ್ಲಿ ಮುಚ್ಚಿರುವ ಸುಲಭದ ದಾರಿ ಯಾವುದು ಎಂದು ಹುಡುಕುತ್ತಾರೆ.

ಆದರೂ ಅದು ಪೂರ್ತಿ ಮನೆತನವನ್ನು ಒಳಗೊಳ್ಳುವುದಿಲ್ಲ. ತೆಂಗಿನ ಚಿಪ್ಪಿನಲ್ಲಿ ಮಣ್ಣಿನ ಅನ್ನ ಬೇಯಿಸುವ ಅಡುಗೆಯಾಟದಲ್ಲಿ ಮುಚ್ಚಿದ ದಾರಿಯೂ ಇಲ್ಲ, ತಲುಪಬೇಕಾದ ಗುರಿಯೂ ಇಲ್ಲ. ಅಪ್ಪಾಳೆ ತಿಪ್ಪಾಳೆಯೂ ಹಾಗೆಯೇ. ಇವನ್ನು ಬೇರೆ ಹೆಸರಿನಿಂದ ಕರೆಯಿರಿ ಎಂದು ಸೂಟ್ಸ್ ಪಕ್ಷದವರು ಹೇಳಬಹುದು. ಕನ್ನಡದ ಮಕ್ಕಳು ಕರೆಯುವುದಿಲ್ಲ. ಮಕ್ಕಳಿಗೆ ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾದ ಜ್ಞಾನವಿದೆ ಎಂಬುದಕ್ಕೆ ಒಂದು ನುಡಿಗಟ್ಟೇ ಸಾಕ್ಷಿ. ಜೂಟಾಟಕ್ಕೆ ದೊಡ್ಡ ಮಕ್ಕಳ ಹಿಂದೆ ಪುಟ್ಟ ತಮ್ಮನೋ ತಂಗಿಯೋ ಬಂದುಬಿಡುತ್ತದೆ. ಕಳಿಸಿದರೆ ಅಳು, ಸೇರಿಸಿಕೊಂಡರೆ ಆಟ ಕೆಡುತ್ತದೆ. ಆಗ ಅದನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಮಾಡುತ್ತಾರೆ. ಅದು ಓಡಬಹುದು, ಕಿರುಚಬಹುದು, ಸಿಕ್ಕಿಬೀಳಬಹುದು. ಔಟ್ ಮಾತ್ರ ಆಗುವುದಿಲ್ಲ. ನಿಯಮದೊಳಗೆ ಆಡುವವರು ಒಂದಷ್ಟು ಜನ, ನಿಯಮದ ಹೊರಗಿದ್ದೂ ಆಟದೊಳಗಿರುವ ಒಂದು ಮಗು. ಒಂದೇ ಅಂಗಳದಲ್ಲಿ ಎರಡು ಬಗೆಯ ಆಟಗಳು ಒಟ್ಟೊಟ್ಟಿಗೆ ನಡೆಯುತ್ತಿವೆ, ಯಾರಿಗೂ ಗೊಂದಲವಿಲ್ಲ. ಆಟ ಎಂಬ ಪದಕ್ಕೆ ಎಲ್ಲೆ ಹಾಕದೆ ಬದುಕುವುದು ಎಷ್ಟು ಸಲೀಸು ಎಂಬುದು ಇಲ್ಲಿ ಕಾಣುತ್ತದೆ.

ಸಲೀಸು ಮುಗಿಯುವುದು ಆಟದಿಂದ ಏನಾದರೂ ನಿಜವಾಗಿ ಕಳೆದುಹೋಗುವಾಗ.

ಡಚ್ ಇತಿಹಾಸಕಾರ ಯೊಹಾನ್ ಹೌಜಿಂಗ 1938ರ ‘ಹೋಮೋ ಲುಡೆನ್ಸ್’ ಎಂಬ ಕೃತಿಯಲ್ಲಿ ಸಂಸ್ಕೃತಿಯೇ ಆಟದೊಳಗೆ ಹುಟ್ಟಿತು ಎಂದು ವಾದಿಸಿದರು. ಅವರು ಮೊದಲು ಕಲಿತದ್ದು ಸಂಸ್ಕೃತ; 1897ರ ಅವರ ಡಾಕ್ಟರೇಟ್ ಪ್ರಬಂಧ ಭಾರತೀಯ ನಾಟಕಗಳ ವಿದೂಷಕನ ಮೇಲೆ. ಆದ್ದರಿಂದಲೇ ಆ ಪುಸ್ತಕದಲ್ಲಿ ಕ್ರೀಡಿಸುವುದಕ್ಕೂ ಜೂಜಿನ ದೇವನಕ್ಕೂ ಲೀಲೆಗೂ ಸಂಸ್ಕೃತ ಬೇರೆ ಬೇರೆ ಧಾತುಗಳನ್ನು ಇಟ್ಟುಕೊಂಡಿದೆ ಎಂಬ ಚರ್ಚೆ ಬರುತ್ತದೆ. ಹೌಜಿಂಗರ ಪ್ರಕಾರ ಆಟ ದಿನನಿತ್ಯದ ಬದುಕಿನಿಂದ ಹೊರಗೆ ನಿಲ್ಲುತ್ತದೆ, ಅದರಿಂದ ಲಾಭವಿಲ್ಲ. ಫ್ರಾನ್ಸಿನ ರೋಜೆ ಕೈಯ್ವಾ 1958ರಲ್ಲಿ ಇದನ್ನು ತಿದ್ದಿದರು: ಹಾಗೆಂದರೆ ಹಣವಿಟ್ಟು ಆಡುವ ಎಲ್ಲವನ್ನೂ ಹೊರಗೆ ಹಾಕಿದಂತಾಗುತ್ತದೆ, ಲೋಕದಲ್ಲಿ ಅದೇನು ಸಣ್ಣ ಭಾಗವೇ? ಕೈಯ್ವಾ ಮಾಡಿದ ವಿಂಗಡಣೆಯಲ್ಲಿ ಸ್ಪರ್ಧೆ, ಅದೃಷ್ಟ, ವೇಷ, ತಲೆಸುತ್ತು ಎಂಬ ನಾಲ್ಕು ಬಗೆಗಳಿವೆ. ಕಬಡ್ಡಿ, ಹಾವು-ಏಣಿ, ಬಯಲಾಟ, ಅಪ್ಪಾಳೆ ತಿಪ್ಪಾಳೆ ನಾಲ್ಕಕ್ಕೂ ಅಲ್ಲಿ ಜಾಗ ಸಿಗುತ್ತದೆ ಎಂಬುದೇ ಆ ವಿಂಗಡಣೆಯ ದೊಡ್ಡ ಗುಣ.

ಆಟ ಬದುಕಿನ ಹೊರಗಿದೆ ಎಂಬ ಮಾತನ್ನು ಈ ನೆಲದ ಕಥೆಗಳು ಒಪ್ಪುವುದಿಲ್ಲ. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗೆ-ದಾರಗೆ ಎಂಬ ಅವಳಿ ಸೋದರಿಯರು ಚೆನ್ನೆ, ಅಂದರೆ ಅಳಿಗುಳಿಮಣೆ, ಆಡಲು ಕೂರುತ್ತಾರೆ. ಆಟದಲ್ಲಿ ಜಗಳ ಹುಟ್ಟಿ, ಒಬ್ಬಳು ಚೆನ್ನೆಮಣೆಯಿಂದಲೇ ಇನ್ನೊಬ್ಬಳನ್ನು ಹೊಡೆದು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಚೆನ್ನೆ ಆಡಬಾರದು ಎಂಬ ನಂಬಿಕೆ ಅಲ್ಲಿ ಇಂದಿಗೂ ಕೇಳಿಬರುತ್ತದೆ. ಮಹಾಭಾರತದ ದ್ಯೂತಸಭೆಯಲ್ಲಿ ಎದ್ದ ಪ್ರಶ್ನೆಗಳಂತೂ ಅಪ್ಪಟ ನಿಯಮದ ಪ್ರಶ್ನೆಗಳು. ಪಣ ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ: ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯೇ ಎಂದು ಯುಧಿಷ್ಠಿರ ಆರಂಭದಲ್ಲೇ ಆಕ್ಷೇಪಿಸುತ್ತಾನೆ. ತನ್ನನ್ನು ತಾನು ಮೊದಲೇ ಸೋತವನಿಗೆ ನನ್ನನ್ನು ಪಣವಿಡುವ ಹಕ್ಕು ಎಲ್ಲಿಂದ ಬಂತು ಎಂದು ದ್ರೌಪದಿ ಕೇಳುತ್ತಾಳೆ. ಭೀಷ್ಮನಂಥವನೂ ಉತ್ತರ ಹೇಳಲಾರದೆ ಕೂರುತ್ತಾನೆ. ಅದೊಂದು ಆಟವೋ, ವಂಚನೆಯೋ, ರಾಜ್ಯ ಕಬಳಿಸುವ ಹೂಟವೋ? ಮೂರೂ ಹೌದು.

ವಿಟ್‌ಗೆನ್‌ಸ್ಟೈನ್ ಬರಹದಲ್ಲಿ ಒಂದು ಸಣ್ಣ ಟಿಪ್ಪಣಿ ಇದೆ. ಈ ಮಕ್ಕಳಿಗೊಂದು ಆಟ ಹೇಳಿಕೊಡು ಎಂದು ಯಾರೋ ಕೇಳುತ್ತಾರೆ. ಇನ್ನೊಬ್ಬ ಹೋಗಿ ದಾಳ ಹಾಕಿ ಜೂಜಾಡುವುದನ್ನು ಕಲಿಸುತ್ತಾನೆ. ಕೇಳಿದವನು, ನಾನು ಹೇಳಿದ್ದು ಅಂಥ ಆಟವಲ್ಲ ಎನ್ನುತ್ತಾನೆ. ಹಾಗಾದರೆ ಕೇಳುವಾಗಲೇ ಅವನ ಮನಸ್ಸಿನಲ್ಲಿ ಜೂಜನ್ನು ಹೊರಗಿಟ್ಟ ಒಂದು ವ್ಯಾಖ್ಯೆ ಸಿದ್ಧವಾಗಿತ್ತೇ? ಇರಲಿಲ್ಲ. ಆದರೂ ಅವನು ಹೇಳಿದ್ದು ಸರಿ. ಎಲ್ಲೆ ಮೊದಲು ಇರಲಿಲ್ಲ. ಬೇಕಾದಾಗ, ಬೇಕಾದ ಕಾರಣಕ್ಕೆ ಅವನು ಎಳೆದ. ಭಾರತದ ನ್ಯಾಯಾಲಯಗಳು ಸುಮಾರು ಎಪ್ಪತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿವೆ.

ಆ ಕಥೆಯ ಆರಂಭದಲ್ಲಿಯೇ ಬೆಂಗಳೂರು ಇದೆ. ಇಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ ಆರ್.ಎಂ.ಡಿ. ಚಮರಬಾಗ್‌ವಾಲಾ ಎಂಬವರು ಬಹುಮಾನದ ಪದಬಂಧ ನಡೆಸುತ್ತಿದ್ದರು. ಪತ್ರಿಕೆ ಮುಂಬಯಿ ಪ್ರಾಂತ್ಯದಲ್ಲಿ ಚೆನ್ನಾಗಿ ಓಡುತ್ತಿತ್ತು; ಅಲ್ಲಿನ ಸರ್ಕಾರ ಇಂಥ ಸ್ಪರ್ಧೆಗಳಿಗೆ ಪರವಾನಗಿ, ತೆರಿಗೆ ಎರಡನ್ನೂ ವಿಧಿಸಿತು. ಪದಬಂಧ ಬಿಡಿಸುವುದು ಬುದ್ಧಿಯ ಕೆಲಸವಲ್ಲವೇ? ಸಾಮಾನ್ಯವಾಗಿ ಹೌದು. ಆದರೆ ಕಾನೂನಿನ ಕಣ್ಣು ಬಿದ್ದದ್ದು ಸ್ಪರ್ಧೆ ನಡೆಸುವವರು ಮೊದಲೇ ಸಿದ್ಧಮಾಡಿಟ್ಟ ಉತ್ತರಕ್ಕೆ ಓದುಗರ ಉತ್ತರ ತಾಳೆಯಾದರೆ ಹಣ ಸಿಗುವ ಬಗೆಯ ಮೇಲೆ. 1957ರಲ್ಲಿ ಸುಪ್ರೀಂ ಕೋರ್ಟ್ ಇಂಥವು ಜೂಜೇ, ಜೂಜಿಗೆ ವ್ಯಾಪಾರವೆಂಬ ಸಂವಿಧಾನದ ರಕ್ಷಣೆ ಸಿಗದು ಎಂದಿತು. ಕೌಶಲ ಗಣನೀಯವಾಗಿ ಬೇಕಾದ ಸ್ಪರ್ಧೆಗಳು ಮಾತ್ರ ಅದರ ಹೊರಗೆ. ಕೌಶಲವೋ ಅದೃಷ್ಟವೋ ಎಂಬ ತಕ್ಕಡಿ ಅಂದು ನೆಲೆಯಾಯಿತು.

ಹತ್ತು ವರ್ಷಗಳ ಮೇಲೆ, 1967ರ ನವೆಂಬರಿನಲ್ಲಿ, ರಮ್ಮಿಯ ಸರದಿ. ಸಿಕಂದರಾಬಾದಿನ ಕ್ಲಬ್ಬೊಂದರಲ್ಲಿ ಹಣವಿಟ್ಟು ಇಸ್ಪೀಟು ಆಡುತ್ತಿದ್ದವರ ಮೇಲೆ ಪೊಲೀಸರು ದಾಳಿ ಮಾಡಿದ್ದರು. ನ್ಯಾಯಾಧೀಶರು ಇಲ್ಲಿ ಮಾಡಿದ್ದು ಮೆಚ್ಚಬೇಕಾದ ಕೆಲಸ: ಅವರು ಆಟದ ಒಳಗೆ ಇಳಿದು ನೋಡಿದರು. ಮೂರೆಲೆಯ ಆಟ ಬರಿಯ ಅದೃಷ್ಟ. ರಮ್ಮಿ ಹಾಗಲ್ಲ, ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಉಳಿಸಿಕೊಂಡು ಯಾವುದನ್ನು ಎಸೆಯಬೇಕೆಂಬ ಜಾಣತನ ಬೇಕು. ಎಲೆ ಹಂಚುವಾಗ ಅದೃಷ್ಟವಿದೆ ನಿಜ, ಬ್ರಿಜ್‌ನಲ್ಲೂ ಅದಿದೆ. ಆದ್ದರಿಂದ ರಮ್ಮಿ ಪ್ರಧಾನವಾಗಿ ಕೌಶಲದ ಆಟ. 1996ರಲ್ಲಿ ಮದ್ರಾಸಿನ ಕುದುರೆ ಜೂಜಿನ ಪ್ರಕರಣದಲ್ಲಿಯೂ ಇದೇ ತಕ್ಕಡಿ ಬಳಕೆಯಾಗಿ, ಕುದುರೆಯ ತಳಿ, ತರಬೇತಿ, ಸವಾರನ ಚಾತುರ್ಯ ಎಲ್ಲ ಸೇರಿ ಅದೂ ಕೌಶಲದ ಆಟವೆನಿಸಿತು.

1967ರ ತೀರ್ಪಿನಲ್ಲಿಯೇ ಇನ್ನೊಂದು ಮಾತಿತ್ತು. ಆಟದಿಂದ ಕ್ಲಬ್ಬಿನ ಯಜಮಾನ ಲಾಭ ಮಾಡಿಕೊಳ್ಳುತ್ತಿದ್ದಾನೆ ಎಂದು ತೋರಿಸಿದರೆ ಅಪರಾಧವಾಗಬಹುದು ಎಂದು ನ್ಯಾಯಾಲಯ ಸೇರಿಸಿತ್ತು. ಆಟ ಎಂಥದು ಎಂಬುದರ ಜೊತೆಗೆ ಆಟದ ಹಣ ಯಾರ ಜೇಬಿಗೆ ಹೋಗುತ್ತದೆ ಎಂದು ಕೇಳಿದ ಆ ಸಾಲಿಗೆ ಸಿಗಬೇಕಾದಷ್ಟು ಗಮನ ಮುಂದೆ ಸಿಗಲಿಲ್ಲ. ರಮ್ಮಿ ಮೊಬೈಲಿಗೆ ಬಂದಾಗ ವಾದವೆಲ್ಲ ಕೌಶಲದ ಸುತ್ತಲೇ ಸುತ್ತಿತು. ಆದರೆ ಮೊಬೈಲಿನಲ್ಲಿ ಮೇಜಿನ ಸುತ್ತ ಪರಿಚಯದ ನಾಲ್ವರಿರಲಿಲ್ಲ. ಕ್ಲಬ್ಬು ರಾತ್ರಿ ಬಾಗಿಲು ಹಾಕುತ್ತಿರಲಿಲ್ಲ. ಪ್ರತಿ ಕೈಯಲ್ಲೂ ಕಂಪನಿಗೆ ಪಾಲಿತ್ತು. ಸೋತವನು ಎದ್ದುಹೋಗುವ ಮೊದಲೇ ಮುಂದಿನ ಎಲೆ ಬಿದ್ದಿರುತ್ತಿತ್ತು. ಸಾಲ ಮಾಡಿ ಸೋತವರ, ಪ್ರಾಣ ಕಳೆದುಕೊಂಡವರ ಸುದ್ದಿಗಳು ಬರತೊಡಗಿದಾಗ ಮನೆಯವರು ಕೇಳುತ್ತಿದ್ದ ಪ್ರಶ್ನೆ, ನಮ್ಮ ಹುಡುಗ ಜಾಣನಾಗಿ ಆಡಿದನೇ ಎಂಬುದಾಗಿರಲಿಲ್ಲ.

ಕರ್ನಾಟಕ 2021ರಲ್ಲಿ ತನ್ನ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಕೌಶಲದವೂ ಸೇರಿದಂತೆ, ನಿಷೇಧಿಸಿತು. ಕುದುರೆ ರೇಸನ್ನು ಹೊರಗಿಟ್ಟಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ಭಾಗಗಳನ್ನು ರದ್ದುಮಾಡಿತು. ಕೌಶಲದ ಆಟ ಪರದೆಗೆ ಬಂದ ಮಾತ್ರಕ್ಕೆ ಜೂಜಾಗದು ಎಂಬುದು ತೀರ್ಪಿನ ತಿರುಳು. ಇದ್ದ ತಕ್ಕಡಿಯಲ್ಲಿ ತೂಗಿದರೆ ಬೇರೆ ಉತ್ತರ ಬರುವುದು ಕಷ್ಟವಿತ್ತು. ತೊಂದರೆ ಉತ್ತರದಲ್ಲಿರಲಿಲ್ಲ, ತಕ್ಕಡಿಯಲ್ಲಿತ್ತು: ಕ್ಲಬ್ಬಿನ ನಾಲ್ವರು ಅಪರಾಧಿಗಳೇ ಎಂದು ತಿಳಿಯಲು ಮಾಡಿಕೊಂಡ ಅಳತೆಯಿಂದ, ಲಕ್ಷಾಂತರ ಮಂದಿಯ ದುಡ್ಡು ಹರಿಯುವ ಉದ್ಯಮದ ಅಪಾಯವನ್ನು ಅಳೆಯಲು ಹೊರಟದ್ದು.

ಒಂದು ಕೆಲಸಕ್ಕೆ ಎಳೆದ ಗೆರೆ ಇನ್ನೊಂದಕ್ಕೆ ಒದಗುವುದಿಲ್ಲ ಎಂಬುದಕ್ಕೆ ಬ್ರಿಜ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. 2017ರ ಅಕ್ಟೋಬರಿನಲ್ಲಿ ಯುರೋಪಿನ ನ್ಯಾಯಾಲಯ ತೆರಿಗೆ ವಿನಾಯಿತಿಯ ಮಟ್ಟಿಗೆ ಬ್ರಿಜ್ ಕ್ರೀಡೆಯಲ್ಲ, ಅದರಲ್ಲಿ ದೈಹಿಕ ಶ್ರಮ ನಗಣ್ಯ ಎಂದಿತು. ಒಂದು ವರ್ಷ ತುಂಬುವ ಮೊದಲೇ ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಬ್ರಿಜ್‌ಗೆ ಪದಕಗಳಿದ್ದವು. ಪುರುಷರ ಜೋಡಿ ವಿಭಾಗದ ಚಿನ್ನ ಭಾರತದ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಅವರದಾಯಿತು. ಬರ್ಧನ್‌ಗೆ ಆಗ 60 ವರ್ಷ. ತೆರಿಗೆಯವರೂ ಪದಕ ಕೊಟ್ಟವರೂ ತಂತಮ್ಮ ಉದ್ದೇಶಕ್ಕೆ ತಕ್ಕಂತೆ ಗೆರೆ ಎಳೆದಿದ್ದರು. ಇಬ್ಬರಲ್ಲಿ ಒಬ್ಬರು ಪದದ ಅರ್ಥ ತಿಳಿಯದವರು ಎನ್ನಲಾಗದು.

2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ-ಅದೃಷ್ಟದ ತಕ್ಕಡಿಯನ್ನೇ ಬದಿಗಿಟ್ಟಿತು. ಅದು ಮೂರು ಬಗೆ ಮಾಡುತ್ತದೆ: ಇ-ಸ್ಪೋರ್ಟ್ಸ್, ಸಾಮಾಜಿಕ ಆಟ, ಹಣದ ಆಟ. ಗೆಲ್ಲುವ ನಿರೀಕ್ಷೆಯಲ್ಲಿ ಹಣ ಕಟ್ಟಿ ಆಡಿದರೆ, ಕೌಶಲವಿರಲಿ ಅದೃಷ್ಟವಿರಲಿ, ಅದು ಹಣದ ಆಟ, ಅದಕ್ಕೆ ನಿಷೇಧ. ಕರ್ನಾಟಕ ಹೈಕೋರ್ಟ್ ಸೇರಿದಂತೆ ಹಲವೆಡೆ ಸಲ್ಲಿಕೆಯಾದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. ಕಾಯ್ದೆ ಕೇಳುತ್ತಿರುವ ಪ್ರಶ್ನೆ ಹಿಂದಿನದಕ್ಕಿಂತ ಮನೆಯವರ ಪ್ರಶ್ನೆಗೆ ಹತ್ತಿರವಿದೆ. ಅದೇ ಹೊತ್ತಿಗೆ ಸಂಜೆ ಬೇಸರ ಕಳೆಯಲು ಹತ್ತು ರೂಪಾಯಿ ಕಟ್ಟಿ ರಮ್ಮಿ ಆಡುವವನನ್ನೂ ಮನೆ ಮಾರುವ ಮಟ್ಟಕ್ಕೆ ಹೋದವನನ್ನೂ ಅದು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ.

ಹೊಸ ಗೆರೆಯ ಮೇಲೆ ಹೊಸ ಜಗಳಗಳು ಕಾದಿವೆ. ಇ-ಸ್ಪೋರ್ಟ್ಸ್‌ನಲ್ಲಿ ಸ್ಪರ್ಧೆಗೆ ಸೇರಲು ಪ್ರವೇಶ ಶುಲ್ಕ ಕಟ್ಟಬಹುದು, ಗೆದ್ದವರು ಬಹುಮಾನದ ಹಣ ಪಡೆಯಬಹುದು. ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯಾವಳಿಯೂ ನಡೆಯುವುದು ಹೀಗೆಯೇ: ತಂಡಗಳು ಪ್ರವೇಶ ಶುಲ್ಕ ಕಟ್ಟುತ್ತವೆ, ಗೆದ್ದವರಿಗೆ ನಗದು ಮತ್ತು ಟ್ರೋಫಿ, ಅದನ್ನು ಜೂಜು ಎಂದು ಯಾರೂ ಕರೆದಿಲ್ಲ. ಪರದೆಯ ಮೇಲಿನ ಆಟದಲ್ಲಿ ಪ್ರವೇಶ ಶುಲ್ಕ ಎಲ್ಲಿಗೆ ಮುಗಿದು ಪಣ ಎಲ್ಲಿಂದ ಶುರುವಾಗುತ್ತದೆ ಎಂದು ಒಂದಲ್ಲ ಒಂದು ದಿನ ಯಾವುದಾದರೂ ಪೀಠ ತೀರ್ಮಾನಿಸಬೇಕಾಗುತ್ತದೆ. ಆಗ ಸಿಕಂದರಾಬಾದಿನ ಪ್ರಕರಣದಲ್ಲಿ ಮಾಡಿದಂತೆ ಆಟದೊಳಗೆ ಇಳಿದು ನೋಡುವುದೇ ಒಳ್ಳೆಯದು: ಶುಲ್ಕ ಪಂದ್ಯಾವಳಿಗೆ ಒಂದು ಸಲವೋ, ಪ್ರತಿ ಸುತ್ತಿಗೂ ಮತ್ತೆ ಮತ್ತೆಯೋ, ಬಹುಮಾನದ ಮೊತ್ತ ಮೊದಲೇ ನಿಗದಿಯಾಗಿದೆಯೋ, ಸೋತವರ ಹಣದಿಂದಲೇ ಕೂಡುತ್ತದೆಯೋ, ನಡೆಸುವವರ ಪಾಲೆಷ್ಟು, ಸೋತವನು ಮತ್ತೆ ಹಣ ಹಾಕುವುದಕ್ಕೆ ಎಷ್ಟು ನಿಮಿಷ ಕಾಯಬೇಕು.